ಬಾಯಿ ಬಿಟ್ಟವನಿಗೇ ಸಮನ್ಸು

ನಮ್ಮ ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಯಾರನ್ನು ಬೇಕಾದರೂ ಬೈಯಬಹುದು. ಅಡಿಕೆ ದರ ಇಳಿದ ದಿನ ಶಿರಸಿಯ ಮಾರುಕಟ್ಟೆ ಯಾರ್ಡಿನಲ್ಲಿ ನಿಂತು ವ್ಯಾಪಾರಿಯನ್ನು ಬೈಯಬಹುದು. ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಶಾಸಕರನ್ನು, ಸಿದ್ದಾಪುರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಡಾಕ್ಟರನ್ನು, ರೇಂಜ್ ಆಫೀಸಿನ ಗೇಟಿನೆದುರು ಅರಣ್ಯ ಇಲಾಖೆಯನ್ನು ಗಂಟಲು ಹರಿಯುವಂತೆ ಬೈದು, ಸಂಜೆ ನೆಮ್ಮದಿಯಾಗಿ ಮನೆಗೆ ಹೋಗಿ ಉಣ್ಣಬಹುದು. ವಕೀಲರ ಮಾತು ಬಂದಾಗ ಮಾತ್ರ ನಮ್ಮವರ ದನಿ ತಾನಾಗಿ ತಗ್ಗುತ್ತದೆ. 'ಎದ್ರು ಪಾರ್ಟಿ ಹತ್ರ ದುಡ್ಡು ತಗಂಡಿದ್ದ ಕಾಣ್ತು ಮಾರಾಯಾ' ಅಂತ ಒಬ್ಬ ಹೇಳುತ್ತಾನೆ. ಹೇಳಿದವನೇ ಹಿಂದೆ ಮುಂದೆ ನೋಡಿ, 'ನಾ ಹೇಳಿದ್ದಿ ಹೇಳಿ ಯಾರ ಹತ್ರೂ ಹೇಳಡ' ಅಂತ ಸೇರಿಸುತ್ತಾನೆ.

ಇದನ್ನು ಪುಕ್ಕಲುತನ ಅಂದುಬಿಡುವುದು ಸುಲಭ. ಆದರೆ ಇದು ಪುಕ್ಕಲರ ಸೀಮೆಯಲ್ಲ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಕರ ಕೊಡುವುದಿಲ್ಲವೆಂದು ಬ್ರಿಟಿಷ್ ಸರಕಾರಕ್ಕೆ ಹೇಳಿ, ತೋಟ ಗದ್ದೆಗಳು ಜಪ್ತಿಯಾಗುವುದನ್ನು ನೋಡುತ್ತ ನಿಂತವರು. 1932ರಲ್ಲಿ ಮಾವಿನಗುಂಡಿಯ ಕಡೆ ಹೆಂಗಸರು, ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಹಿಡಿದವರ ಮನೆ ಮುಂದೆ ಉಪವಾಸ ಕೂತರು. ನೀನು ಮಾಡಿದ್ದು ತಪ್ಪು ಎಂದು ಊರಿಗೆಲ್ಲ ಕಾಣುವ ಹಾಗೆ ಹೇಳುವುದಕ್ಕೆ ಅದಕ್ಕಿಂತ ಚೊಕ್ಕ ದಾರಿ ಇರಲಿಲ್ಲ. ಆ ತಾಯಂದಿರು ಇವತ್ತು ಮೋಸ ಮಾಡಿದ ಒಬ್ಬ ವಕೀಲರ ಆಫೀಸಿನೆದುರು ಹಾಗೆ ಕೂತರೆ ಏನಾಗುತ್ತದೆ? ಅವರ ಮನೆಗೆ ಸಮನ್ಸು ಬರುತ್ತದೆ. ನನ್ನ ಸಿಟ್ಟು ಇರುವುದು ಅಲ್ಲಿ.

ಈ ಕೋರ್ಟುಗಳಿಗೆ ಬರುವ ವ್ಯಾಜ್ಯಗಳನ್ನು ನೋಡಿ. ಅಣ್ಣ ತಮ್ಮಂದಿರ ತೋಟದ ಹಿಸೆ, ಸೊಪ್ಪಿನ ಬೆಟ್ಟದ ಗಡಿ, ಅತಿಕ್ರಮಣದ ನೋಟಿಸು, ಅರಬೈಲ್ ಘಟ್ಟದಲ್ಲಿ ಲಾರಿಗೆ ಸಿಕ್ಕಿ ಸತ್ತ ಮಗನ ಪರಿಹಾರ, ಸೊಸೈಟಿಗೆ ಕೊಟ್ಟ ಚೆಕ್ಕು ಬೌನ್ಸಾದದ್ದು, ಗಂಡ ಬಿಟ್ಟ ಹೆಂಗಸಿನ ಜೀವನಾಂಶ. ಯಲ್ಲಾಪುರದ ಕಾಡಿನೊಳಗಿನ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬರುವ ಸಿದ್ದಿ, ಗೌಳಿ ಜನ ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ವಕಾಲತ್ತಿಗೆ ಸಹಿ ಹಾಕಿ, ಫೀಸು ಎಣಿಸಿ ಕೊಟ್ಟು, 'ಮುಂದಿನ ತಾರೀಖು ಯಾವಾಗ ಸಾಹೇಬ್ರೇ' ಎಂದು ಕೇಳಿ ಹೋಗುವುದರ ಆಚೆಗೆ ಅವರಿಗೆ ಆ ಕಟ್ಟಡದಲ್ಲಿ ಪಾತ್ರವಿಲ್ಲ. 1981ರಲ್ಲಿ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಒಪ್ಪಿತ್ತು. ಹಳ್ಳಿಯವನು ವಕೀಲರನ್ನು ನೇಮಿಸಿ ಫೀಸು ಕೊಟ್ಟ ಮೇಲೆ, ಆ ವಕೀಲರು ಕೋರ್ಟಿಗೆ ಹೋದರೋ ಇಲ್ಲವೋ ಎಂದು ಕಾವಲು ಕಾಯುವುದು ಅವನ ಕೆಲಸವಲ್ಲ, ವಕೀಲರ ತಪ್ಪಿಗೆ ಅವನು ಏಟು ತಿನ್ನಬಾರದು ಎಂಬ ಅರ್ಥದ ಮಾತು ಅಲ್ಲಿದೆ. 1993ರಲ್ಲಿ ಸಲೀಲ್ ದತ್ತ ಪ್ರಕರಣಕ್ಕೆ ಬರುವ ಹೊತ್ತಿಗೆ ಅದೇ ಕೋರ್ಟು, ಅದೇನೂ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ನಿಯಮವಲ್ಲ ಎಂದು ಹಿಂದೆ ಸರಿಯಿತು.

ಸೋತ ಕೇಸಿಗೆಲ್ಲ ವಕೀಲರನ್ನು ಬೈಯುವವರ ಪರವಾಗಿ ನಾನು ಬರೆಯುತ್ತಿಲ್ಲ. ಅಂಥವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪಹಣಿಯಲ್ಲಿ ಇಲ್ಲದ ಗುಂಟೆಗೆ ದಾವೆ ಹಾಕಿಸಿ, ಸೋತ ಮೇಲೆ ವಕೀಲರು ಮಾರಿಕೊಂಡರು ಎಂದು ಸಾರುವವರು. ಬರೀ ಅಜಾಗರೂಕತೆಯನ್ನು ವೃತ್ತಿ ದುರ್ನಡತೆ ಎನ್ನಲಾಗದು, ಅದರಲ್ಲಿ ಮನಸ್ಸಿನ ಕೊಳಕೂ ಸೇರಿರಬೇಕು ಎಂದು ಸುಪ್ರೀಂ ಕೋರ್ಟು 1963ರಷ್ಟು ಹಿಂದೆಯೇ ಹೇಳಿದೆ. ಆ ಗೆರೆ ಇರಲಿ. ಆದರೆ ಗೆರೆಯ ಆ ಕಡೆ ಬೀಳುವವೂ ಇವೆಯಲ್ಲ? ಪರಿಹಾರದ ಹಣದಲ್ಲಿ ಇಷ್ಟು ಪಾಲು ನನಗೆ ಎಂದು ಮೊದಲೇ ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಕಕ್ಷಿದಾರನ ಹೆಸರಿಗೆ ಬಂದ ಹಣದ ಸುದ್ದಿಯನ್ನು ಆದಷ್ಟು ಬೇಗ ಅವನಿಗೆ ಮುಟ್ಟಿಸಬೇಕು, ಲೆಕ್ಕ ಇಡಬೇಕು, ಒಬ್ಬರಿಗೆ ಸಲಹೆ ಕೊಟ್ಟ ಮೇಲೆ ಅದೇ ವ್ಯಾಜ್ಯದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದು ಎಂದೂ ಅಲ್ಲಿದೆ. ಫೀಸು ಬಾಕಿ ಇದೆ ಎಂಬ ನೆವಕ್ಕೆ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇಷ್ಟಾದರೂ 'ದುಡ್ಡು ಕೊಟ್ಟು ಕಾಗದ ತಗೊಂಡು ಹೋಗು' ಎನ್ನುವ ಮಾತು ಯಾವ ತಾಲೂಕಿನಲ್ಲಿ ಕೇಳಿಸುವುದಿಲ್ಲ, ಎದೆ ಮುಟ್ಟಿಕೊಂಡು ಹೇಳಿ.

ಈಗ, ಹೀಗೆ ಏಟು ತಿಂದವನು ಬಾಯಿ ಬಿಟ್ಟ ಅಂದುಕೊಳ್ಳಿ. ಚಾ ಅಂಗಡಿಯಲ್ಲಿ ಹೆಸರು ಹಿಡಿದು ಹೇಳಿದ, ವಾರಪತ್ರಿಕೆಗೆ ಪತ್ರ ಬರೆದ, ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಧ್ವನಿ ಸಂದೇಶ ಹಾಕಿದ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಆ ಕ್ಷಣದಿಂದ ಅವನ ಬೆನ್ನ ಹಿಂದೆ ನಿಲ್ಲುತ್ತದೆ. 2024ರ ಜುಲೈ 1ರ ತನಕ ಇದೇ ಭಾರತೀಯ ದಂಡ ಸಂಹಿತೆಯ 499 ಮತ್ತು 500 ಆಗಿತ್ತು. ಅಂಗಿ ಬದಲಾಗಿದೆ, ಮೈ ಅದೇ. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಸಮುದಾಯ ಸೇವೆ ಎಂಬುದನ್ನು ಹೊಸದಾಗಿ ಸೇರಿಸಿದ್ದಾರೆ. ಒಬ್ಬನ ನಡತೆ, ಬುದ್ಧಿ, ಜಾತಿಯ ಜೊತೆಗೆ ಅವನ ಕಸುಬಿನ ಹೆಸರು ಕೆಡಿಸುವುದೂ ಮಾನನಷ್ಟವೆಂದು ಕಲಮಿನ ವಿವರಣೆಯಲ್ಲೇ ಬರೆದಿದೆ. ಗುಂಪಿಗೆ ಬಂದದ್ದನ್ನು ಮುಂದೆ ತಳ್ಳಿದವನೂ ಪ್ರಕಟಿಸಿದವನೇ.

ಇದಕ್ಕೆ ಪೊಲೀಸರು ಬೇಕಾಗಿಲ್ಲ, ಎಫ್‌ಐಆರ್ ಬೇಕಾಗಿಲ್ಲ. ನೊಂದವರು ನೇರವಾಗಿ ಜೆಎಂಎಫ್‌ಸಿ ಕೋರ್ಟಿಗೆ ಖಾಸಗಿ ದೂರು ಕೊಡಬಹುದು. ಮೂರು ವರ್ಷದವರೆಗೆ ಕಾಲಾವಕಾಶವಿದೆ. ಉಳಿದ ಎಲ್ಲ ಕಸುಬಿನವರಿಗೆ ಈ ದೂರು ಒಂದು ಖರ್ಚಿನ ಬಾಬ್ತು: ವಕೀಲರನ್ನು ಹಿಡಿಯಬೇಕು, ಫೀಸು ಕೊಡಬೇಕು, ತಾರೀಖಿಗೆ ಅಂಗಡಿ ಮುಚ್ಚಬೇಕು. ವಕೀಲರಿಗೆ ಅದು ಯಾವುದೂ ಇಲ್ಲ. ಅವರು ದಿನಾ ಹೋಗುವ ಕಟ್ಟಡ, ದಿನಾ ನಮಸ್ಕಾರ ಹೇಳುವ ಗುಮಾಸ್ತರು, ಕೋಟು ಬಿಚ್ಚಿ ಇಡುವ ಅದೇ ಕೋಣೆ. ಆರೋಪಿಯಾಗಿ ಬಂದವನು ಮಾತ್ರ ಶ್ಯೂರಿಟಿ ಹುಡುಕಬೇಕು, ಜಾಮೀನು ಪಡೆಯಬೇಕು, ಒಂದು ತಾರೀಖು ತಪ್ಪಿದರೆ ವಾರಂಟಿಗೆ ಹೆದರಬೇಕು. ಸಮಾನರ ನಡುವಿನ ಜಗಳವೆಂದು ಕಾಯ್ದೆ ಭಾವಿಸಿದ್ದು ತಾಲೂಕು ಕೇಂದ್ರಕ್ಕೆ ಬರುವ ಹೊತ್ತಿಗೆ ಮನೆಯವನಿಗೂ ದಾರಿಹೋಕನಿಗೂ ನಡುವಿನ ಜಗಳವಾಗಿರುತ್ತದೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 223ನೇ ಕಲಮಿನಲ್ಲಿ ಒಂದು ಒಳ್ಳೆಯದಾಗಿದೆ, ಅದನ್ನೂ ಹೇಳಿಬಿಡಬೇಕು. ಮ್ಯಾಜಿಸ್ಟ್ರೇಟರು ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ಆರೋಪಿಯ ಮಾತು ಕೇಳಬೇಕು. ಆ ಮೊದಲ ದಿನವನ್ನು ಯಾರೂ ಹಾಳು ಮಾಡಿಕೊಳ್ಳಬಾರದು.

ಆದರೆ ಆ ಮೊದಲ ದಿನ ಅವನ ಪರ ನಿಲ್ಲುವವರು ಯಾರು? ಸಣ್ಣ ಊರಿನ ವಕೀಲರ ಸಂಘ ಅಂದರೆ ಎಲ್ಲರೂ ಎಲ್ಲರಿಗೂ ಬೇಕಾದವರು. 'ಅವರ ವಿರುದ್ಧ ನಾನು ಹೇಗೆ ವಕಾಲತ್ತು ಹಾಕಲಿ, ದಿನಾ ಮುಖ ನೋಡಬೇಕಲ್ಲ' ಎನ್ನುವ ಮಾತಿಗೆ ಠರಾವು ಬೇಕಿಲ್ಲ. ಠರಾವು ಮಾಡಿ ಹೇಳಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. 2020ರ ಫೆಬ್ರವರಿಯಲ್ಲಿ, ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಾದಿಸಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘ ಠರಾವು ಮಾಡಿತು. ಅದಕ್ಕೂ ತಿಂಗಳ ಹಿಂದೆ ಮೈಸೂರಿನಲ್ಲಿ ಫಲಕ ಹಿಡಿದ ಹುಡುಗಿಯೊಬ್ಬಳ ವಿಷಯದಲ್ಲೂ ಅದೇ ಆಗಿತ್ತು. ಇಂಥ ಠರಾವುಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲೇ, ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಹೇಳಿದ್ದು ದಿಲ್ಲಿಯಲ್ಲಿ. ಬೆಂಗಳೂರಿನಿಂದ ಧಾರವಾಡದ ಕೋರ್ಟಿಗೆ ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಎಂದು ಹೈಕೋರ್ಟು ಆದೇಶ ಮಾಡಬೇಕಾಯಿತು. ದೊಡ್ಡ ಸುದ್ದಿಯಾದ ಕೇಸಿಗೆ ಬೆಂಗಳೂರಿನಿಂದ ಕಾರು ಬರುತ್ತದೆ. ಕಡತ ಕೊಡಲಿಲ್ಲ ಎಂದು ಕೂಗಾಡಿದ ಮಂಚಿಕೇರಿ ಕಡೆಯ ರೈತನಿಗೆ ಯಾವ ಕಾರು ಬರುತ್ತದೆ?

'ನಾನು ಹೇಳಿದ್ದು ನಿಜ ಅಲ್ದ?' ಅಂತ ಕೇಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿವಿಲ್ ದಾವೆಯಲ್ಲಿ ನಿಜ ಸಾಬೀತಾದರೆ ಸಾಕು. ಕ್ರಿಮಿನಲ್ ಕಲಮಿನಲ್ಲಿ ಅಷ್ಟು ಸಾಲದು. ಮೊದಲನೆಯ ವಿನಾಯಿತಿ ಸಿಗಬೇಕಾದರೆ ಮಾತು ನಿಜವೂ ಆಗಿರಬೇಕು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೂ ಆಗಿರಬೇಕು. ಒಂಬತ್ತನೆಯದರಲ್ಲಿ ತನ್ನ ಅಥವಾ ಇತರರ ಹಿತ ಕಾಯಲು ಸದ್ಭಾವದಿಂದ ಆಡಿದ ಮಾತಿಗೆ ರಕ್ಷಣೆಯಿದೆ. ಸದ್ಭಾವ ಅಂದರೆ ಬರೀ ಒಳ್ಳೆ ಮನಸ್ಸಲ್ಲ, ವಿಚಾರಿಸಿ ಎಚ್ಚರದಿಂದ ಆಡಿದ್ದಾಗಿರಬೇಕು. ಮತ್ತು ಇದನ್ನೆಲ್ಲ ತೋರಿಸಿಕೊಡುವ ಹೊರೆ ಆರೋಪಿಯ ತಲೆಯ ಮೇಲೆ. ಆ ಹೊರೆಯನ್ನು 1965ರಲ್ಲಿ ಹರಭಜನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ವಲ್ಪ ಹಗುರ ಮಾಡಿತು: ಸಂಶಯಕ್ಕೆ ಎಡೆಯಿಲ್ಲದ ಹಾಗೆ ರುಜುವಾತು ಮಾಡಬೇಕಿಲ್ಲ, ಇದು ಸಂಭವನೀಯ ಎಂದು ಕಾಣಿಸಿದರೆ ಸಾಕು.

ಕಾಣಿಸುವುದು ಯಾವುದರಿಂದ? ಎಲ್ಲ ಕೆಟ್ಟಿರುವುದು ಇಲ್ಲಿ. ಫೀಸು ಕೊಟ್ಟದ್ದು ನಗದಾಗಿ, ಕೋರ್ಟಿನ ಜಗಲಿಯಲ್ಲಿ. ರಶೀದಿ ಕೇಳಿದರೆ ಅವಮಾನ. ಸಲಹೆ ಕೊಟ್ಟದ್ದು ಬಾಯಲ್ಲಿ. ಎದುರು ಪಕ್ಷದವರ ಜೊತೆ ಕೂತದ್ದು ಕಂಡವನು ಸಾಕ್ಷಿ ಹೇಳಲಾರ, ಅವನ ಕೇಸೂ ಅದೇ ಆಫೀಸಿನಲ್ಲಿದೆ. ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡದ್ದು ಸಹಿ ಹಾಕಿದವನಿಗೂ ಹಾಕಿಸಿಕೊಂಡವರಿಗೂ ಮಾತ್ರ ಗೊತ್ತು. ಡಾಕ್ಟರರ ತಪ್ಪಿಗೆ ಒಂದು ಚೀಟಿ, ಒಂದು ಎಕ್ಸ್‌ರೇ, ಒಂದು ಡಿಸ್ಚಾರ್ಜ್ ಕಾಗದವಾದರೂ ಉಳಿಯುತ್ತದೆ. ಅಡಿಕೆ ವ್ಯಾಪಾರಿ ತೂಕದ ಚೀಟಿ ಕೊಡುತ್ತಾನೆ. ಸಹಕಾರಿ ಸಂಘ ಪಾಸ್‌ಬುಕ್ಕು ಕೊಡುತ್ತದೆ. ಕಾಗದದಿಂದಲೇ ಬದುಕುವ ಕಸುಬಿನವರ ಹತ್ತಿರ ಮಾತ್ರ ನಮಗೆ ಕೊಡಲಿಕ್ಕೆ ಒಂದು ಕಾಗದವಿಲ್ಲ. ಆಮೇಲೆ ಅದೇ ಕಾಗದ ತೋರಿಸು ಎಂದು ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಾರೆ.

ಇನ್ನೂ ಒಂದು ಬಲೆಯಿದೆ, ಅದನ್ನು ತಿಳಿದವರು ಕಡಿಮೆ. ಸುಲಿಗೆಯನ್ನು ವಿವರಿಸುವ ಕಲಮಿನ ಕೆಳಗೆ ಕೊಟ್ಟ ಮೊದಲ ಉದಾಹರಣೆಯೇ ಹೀಗಿದೆ: ದುಡ್ಡು ಕೊಡದಿದ್ದರೆ ನಿನ್ನ ಮಾನ ಕಳೆಯುವ ಬರಹ ಪ್ರಕಟಿಸುತ್ತೇನೆ ಎಂದು ಹೆದರಿಸಿ ದುಡ್ಡು ಕೊಡಿಸಿಕೊಂಡರೆ ಅದು ಸುಲಿಗೆ. ಹೆಸರಿಗೆ ಮಸಿ ಬಳಿಯುತ್ತೇನೆ ಎಂಬ ಬೆದರಿಕೆ ಕ್ರಿಮಿನಲ್ ಬೆದರಿಕೆಯ ಕಲಮಿನೊಳಗೂ ಬರುತ್ತದೆ. 'ನನ್ನ ಪರಿಹಾರದ ದುಡ್ಡು ವಾಪಸು ಕೊಡಿ, ಇಲ್ಲಾಂದ್ರೆ ಪೇಪರಿಗೆ ಹಾಕ್ತೆ' ಎಂದು ಸಿಟ್ಟಿನಲ್ಲಿ ಮೆಸೇಜು ಕಳಿಸಿದವನಿಗೆ, ತನ್ನದೇ ದುಡ್ಡು ಕೇಳಿದ್ದಕ್ಕೆ ಸುಲಿಗೆಕೋರ ಎಂಬ ದೂರು ಎದುರಾಗಬಹುದು. ಕೊನೆಗೆ ಅದು ಕೋರ್ಟಿನಲ್ಲಿ ನಿಲ್ಲದೆ ಬಿದ್ದುಹೋದೀತು. ಬಿದ್ದುಹೋಗುವ ತನಕ ಓಡಾಡುವವನು ಇವನೇ.

ಈ ಓಡಾಟವೇ ಶಿಕ್ಷೆ ಎಂಬುದನ್ನು ಕನ್ನಡದ ಪತ್ರಿಕೆಗಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಲಂಕೇಶರು ತಮ್ಮ ಪತ್ರಿಕೆಯ ಬರಹಗಳಿಗಾಗಿ ಊರೂರಿನ ಕೋರ್ಟು ಹತ್ತಿಳಿದವರು. ಅವರ ಮಗಳು ಗೌರಿ 2008ರಲ್ಲಿ ಪ್ರಕಟಿಸಿದ ಒಂದು ವರದಿಗೆ, ಧಾರವಾಡದ ಸಂಸದ ಪ್ರಹ್ಲಾದ ಜೋಶಿ ಮತ್ತಿನ್ನೊಬ್ಬರು ಹಾಕಿದ ಮೊಕದ್ದಮೆಯಲ್ಲಿ, 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಮ್ಯಾಜಿಸ್ಟ್ರೇಟ್ ಕೋರ್ಟು ಆರು ತಿಂಗಳ ಸಜೆ ವಿಧಿಸಿತು. ಬರೆದದ್ದಕ್ಕೆ ತಕ್ಕ ಸಾಕ್ಷ್ಯ ಕೊಡಲಿಲ್ಲ ಎಂಬುದು ಕಾರಣ. ವರದಿಯಿಂದ ತೀರ್ಪಿನ ತನಕ ಎಂಟು ವರ್ಷ. ಆಕೆ ಜಾಮೀನಿನ ಮೇಲಿದ್ದಾಗಲೇ, 2017ರ ಸೆಪ್ಟೆಂಬರ್ 5ರಂದು, ಕೊಲೆಯಾದರು. ಆ ವರದಿ ಸರಿಯಿತ್ತೋ ಇಲ್ಲವೋ ಎಂದು ನಾನಿಲ್ಲಿ ತೀರ್ಪು ಕೊಡುತ್ತಿಲ್ಲ. ಹೆಸರಿರುವ ಸಂಪಾದಕಿಗೇ ಎಂಟು ವರ್ಷ ತಿರುಗಾಟವಾದರೆ, ಸಿದ್ದಾಪುರದ ಹೆಂಗಸೊಬ್ಬಳು ತನ್ನ ಜೀವನಾಂಶದ ಕೇಸು ಕೆಡಿಸಿದವರ ಮೇಲೆ ಆಡಿದ ಮಾತಿಗೆ ಎಷ್ಟು ವರ್ಷ, ಲೆಕ್ಕ ಹಾಕಿ ಎನ್ನುತ್ತಿದ್ದೇನೆ. ಈ ಗೌರಿ ತೀರ್ಪಿನ ವರ್ಷವೇ, 2016ರ ಮೇ 13ರಂದು, ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಮಾನನಷ್ಟ ಸಂವಿಧಾನಬದ್ಧ ಎಂದು ಎತ್ತಿಹಿಡಿದಿತ್ತು. ನಮಗೆ ಈ ಕಲಮು ಕೊಟ್ಟ ಇಂಗ್ಲೆಂಡು ತನ್ನ ಮನೆಯಲ್ಲಿ 2009ರ ಕಾಯ್ದೆಯಿಂದಲೇ ಅದನ್ನು ತೆಗೆದುಹಾಕಿದೆ. ಶ್ರೀಲಂಕಾ 2002ರಲ್ಲೇ ತೆಗೆಯಿತು. ನಾವು ಮಾತ್ರ 1860ರ ಮಾಲಿಗೆ ಹೊಸ ನಂಬರು ಅಂಟಿಸಿ ನ್ಯಾಯ ಸಂಹಿತೆ ಎಂದು ಕರೆದುಕೊಂಡಿದ್ದೇವೆ.

ಸಿವಿಲ್ ದಾವೆಯ ದಾರಿಯಲ್ಲಿ ಜೈಲಿಲ್ಲ, ಬಾಯಿಗೆ ಬೀಗ ಇದೆ. ಒಂದು ಬದಿಯ ಮಾತು ಕೇಳಿ ತಾತ್ಕಾಲಿಕ ತಡೆಯಾಜ್ಞೆ ಕೊಡುವುದು ಈ ರಾಜ್ಯದಲ್ಲಿ ಒಂದು ಚಾಳಿಯೇ ಆಗಿದೆ. 2021ರ ಮಾರ್ಚಿನಲ್ಲಿ ಆರು ಮಂತ್ರಿಗಳು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ 68 ಮಾಧ್ಯಮ ಸಂಸ್ಥೆಗಳ ಮೇಲೆ ಅಂಥ ಆದೇಶ ತಂದರು. ಆ ಆರು ಮಂದಿಯಲ್ಲಿ ಆಗಿನ ಕಾರ್ಮಿಕ ಸಚಿವ, ನಮ್ಮ ಯಲ್ಲಾಪುರದ ಶಾಸಕ ಶಿವರಾಮ ಹೆಬ್ಬಾರರೂ ಒಬ್ಬರು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ವೆಬ್ ಕೊಂಡಿಗಳನ್ನು ಒಂದೇ ಆದೇಶದಲ್ಲಿ ತೆಗೆಸಲು ಹೇಳಲಾಯಿತು. ಮರು ತಿಂಗಳು ಒಂದು ಯೂಟ್ಯೂಬ್ ಚಾನೆಲ್ ಪ್ರಶ್ನಿಸಿದ ಮೇಲೆ ಹೈಕೋರ್ಟು ಅದರ ಮಟ್ಟಿಗೆ ಆದೇಶ ರದ್ದು ಮಾಡಿತು. ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸುವುದು ಅಪರೂಪದ ಸಂದರ್ಭಕ್ಕೆ ಮಾತ್ರ ಎಂದು 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಎಚ್ಚರಿಕೆ ಕೊಟ್ಟ ಮೇಲೂ ನಡೆದದ್ದು ಇದು.

ಹಾಗಾದರೆ ಬಹಿರಂಗವಾಗಿ ಕೂಗುವುದು ಯಾಕೆ, ಸರಿಯಾದ ಜಾಗಕ್ಕೆ ದೂರು ಕೊಡಿ ಎಂಬುದು ಸಭ್ಯರ ಸಲಹೆ. ಆ ಜಾಗಗಳನ್ನೂ ನೋಡಿ ಬರೋಣ. 1961ರ ವಕೀಲರ ಕಾಯ್ದೆಯ 35ನೇ ಕಲಮಿನಂತೆ ದೂರು ಹೋಗಬೇಕಾದ್ದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಅದು ಇರುವುದು ಬೆಂಗಳೂರಿನಲ್ಲಿ, ಶಿರಸಿಯಿಂದ ಸುಮಾರು 400 ಕಿಲೋಮೀಟರ್. ವಿಚಾರಣೆ ಮಾಡುವ ಶಿಸ್ತು ಸಮಿತಿಯಲ್ಲಿ ಮೂವರು, ಮೂವರೂ ವಕೀಲರೇ. ಹೊರಗಿನವರೊಬ್ಬರಿಗೂ ಅಲ್ಲಿ ಕುರ್ಚಿಯಿಲ್ಲ. ಮತ ಹಾಕಿ ಪರಿಷತ್ತನ್ನು ಆರಿಸುವವರೂ ವಕೀಲರು. ಸಮಿತಿ ಛೀಮಾರಿ ಹಾಕಬಹುದು, ಸನ್ನದನ್ನು ಸ್ವಲ್ಪ ಕಾಲ ಅಮಾನತಿಡಬಹುದು, ಪಟ್ಟಿಯಿಂದ ಹೆಸರೇ ತೆಗೆಯಬಹುದು. ನೀನು ಕಳೆದುಕೊಂಡ ಪರಿಹಾರ ಇಷ್ಟು, ಅದನ್ನು ಕೊಡಿಸುತ್ತೇವೆ ಎನ್ನಲು ಅದಕ್ಕೆ ಅಧಿಕಾರವಿಲ್ಲ. ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಕಡತ ದಿಲ್ಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗಬೇಕು ಎಂದಿದೆ. ನಾನೂರು ಕಿಲೋಮೀಟರ್ ಹೋಗಲಾರದವನಿಗೆ ಕಾಯ್ದೆ ತೋರಿಸಿದ ಸಮಾಧಾನದ ದಾರಿ ದಿಲ್ಲಿ!

ಗ್ರಾಹಕರ ಕೋರ್ಟು? ಆ ಬಾಗಿಲನ್ನು 2024ರ ಮೇ 14ರಂದು ಸುಪ್ರೀಂ ಕೋರ್ಟು ಹಾಕಿತು. ಆ ಪ್ರಕರಣದ ಮೂಲ ಕೇಳಿದರೆ ನಮ್ಮೂರಿನ ಯಾರದೋ ಕತೆ ಅನ್ನಿಸುತ್ತದೆ. ಡಿ.ಕೆ. ಗಾಂಧಿ ಎಂಬುವರು 20,000 ರೂಪಾಯಿಯ ಚೆಕ್ ಬೌನ್ಸ್ ಕೇಸಿಗೆ ವಕೀಲರನ್ನು ಹಿಡಿದರು. ಚೆಕ್ಕು ಕೊಟ್ಟವನು ರಾಜಿಯಾಗಿ 20,000 ಮತ್ತು ಖರ್ಚಿನ ಬಾಬ್ತು 5,000 ಕೊಟ್ಟ. ಅದನ್ನು ಪಡೆದ ವಕೀಲರು ತನಗೆ ಮುಟ್ಟಿಸಲಿಲ್ಲ, ಬದಲಿಗೆ 5,000 ಫೀಸು ಬಾಕಿಯೆಂದು ತನ್ನ ಮೇಲೆಯೇ ದಾವೆ ಹಾಕಿದರು ಎಂಬುದು ಗಾಂಧಿಯವರ ದೂರು. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ವಕೀಲರ ಸೇವೆಯೂ ಸೇವೆಯೇ ಎಂದಿತು. ವಕೀಲರ ಸಂಘಟನೆಗಳೆಲ್ಲ ಮೇಲಿನ ಕೋರ್ಟಿಗೆ ಹೋದವು. ಹದಿನೇಳು ವರ್ಷದ ಮೇಲೆ ಸುಪ್ರೀಂ ಕೋರ್ಟು, ಈ ಕಸುಬು ವ್ಯಾಪಾರವಲ್ಲ, ಕಕ್ಷಿದಾರನ ಹತೋಟಿಯಲ್ಲಿ ನಡೆಯುವ ವೈಯಕ್ತಿಕ ಸೇವೆ, ಆದ್ದರಿಂದ ಗ್ರಾಹಕ ಕಾಯ್ದೆ ಸಲ್ಲದು ಎಂದಿತು. ಕಕ್ಷಿದಾರನ ಹತೋಟಿ! ಕೋರ್ಟಿನ ಜಗಲಿಯಲ್ಲಿ ಬೆಳಗಿನಿಂದ ನಿಂತು ಸಾಹೇಬರ ಕಣ್ಣು ತನ್ನ ಮೇಲೆ ಬಿದ್ದೀತೇ ಎಂದು ಕಾಯುವವನ ಹತೋಟಿ. ಡಾಕ್ಟರರು 1995ರಿಂದ ಆ ಕಾಯ್ದೆಯ ಕೆಳಗಿದ್ದಾರೆ. ಅವರ ಕಸುಬೇನು ಬಾಳೆಹಣ್ಣಿನ ವ್ಯಾಪಾರವೇ?

ಉಳಿದದ್ದು ಅಜಾಗರೂಕತೆಯ ಸಿವಿಲ್ ದಾವೆ. ಅದಕ್ಕೆ ಅಡ್ಡಿಯಿಲ್ಲ, ವಕೀಲ ಎಂಬ ಕಾರಣಕ್ಕೆ ಯಾರೂ ಹೊಣೆಯಿಂದ ಪಾರಾಗುವುದಿಲ್ಲ ಎಂದು 1926ರ ಫೀಸಿನ ಕಾಯ್ದೆಯಲ್ಲೇ ಇದೆ. ನಮ್ಮದೇ ರಾಜ್ಯದಿಂದ ಹೋದ ವೀರಪ್ಪ ವಿರುದ್ಧ ಎವಲಿನ್ ಸಿಕ್ವೇರಾ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ 1988ರಲ್ಲಿ ತೀರ್ಮಾನವಾಯಿತು. ತೀರ್ಮಾನವಾದದ್ದು ವಕೀಲರ ತಪ್ಪಿತ್ತೋ ಇಲ್ಲವೋ ಎಂಬುದಲ್ಲ. ದಾವೆ ಹಾಕಿದ ಕಕ್ಷಿದಾರ ಅಷ್ಟರಲ್ಲಿ ತೀರಿಕೊಂಡಿದ್ದರು. ಸತ್ತವರ ದಾವೆಯನ್ನು ವಾರಸುದಾರರು ಮುಂದುವರಿಸಬಹುದೇ ಎಂಬ ಒಂದೇ ಪ್ರಶ್ನೆ ದಿಲ್ಲಿಯವರೆಗೆ ಹೋಗಿ ಬಂತು.

ತಾಳಮದ್ದಳೆಯಲ್ಲಿ ಕೃಷ್ಣನಿಗೂ ಕೌರವನಿಗೂ ರಾತ್ರಿಯಿಡೀ ವಾದ ನಡೆದರೆ ಕಂಬಳಿ ಹೊದ್ದು ಕೂತು, ಯಾರ ತರ್ಕ ಎಲ್ಲಿ ಜಾರಿತು ಎಂದು ಬೆಳಗಾಗುವ ತನಕ ಹಿಡಿದು ತೋರಿಸುವ ಜನ ನಾವು. ವಾದಿಸಲು ಬರುವುದಿಲ್ಲ ಎಂದು ನಮಗೆ ಯಾರೂ ಹೇಳಬೇಕಿಲ್ಲ. 1974ರ ಭೂ ಸುಧಾರಣೆಯ ತಿದ್ದುಪಡಿ ಬಂದಾಗ ಕಾಯ್ದೆಯ 48ನೇ ಕಲಮಿನಲ್ಲೇ, ಭೂ ನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗಬಾರದು ಎಂದಿತ್ತು. ನಮೂನೆ 7 ತುಂಬಿದ ಗೇಣಿದಾರನೂ ಎದುರಿನ ಒಡೆಯನೂ ತಮ್ಮ ಬಾಯಿಂದಲೇ ಹೇಳಬೇಕು. ದಿನಕರ ದೇಸಾಯಿಯಂಥವರು ದಶಕಗಟ್ಟಲೆ ರೈತರನ್ನು ಕಟ್ಟಿದ್ದ ಈ ಜಿಲ್ಲೆಯಲ್ಲಿ ಎಷ್ಟೋ ಮಂದಿ ಗೇಣಿದಾರರು ಹಾಗೇ ನಿಂತು ಮಾತಾಡಿ ಗದ್ದೆ ಪಡೆದರು. 1987ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯುತ್ತ ಈ ಒಂದು ತುಂಡನ್ನು ಮಾತ್ರ ಹೊಡೆದುಹಾಕಿತು, ವಕೀಲರ ವೃತ್ತಿಯ ಹಕ್ಕಿಗೆ ಅಡ್ಡ ಬರುತ್ತದೆಂದು. ಕಸುಬಿನ ಹಕ್ಕು ಎಲ್ಲ ಕಡೆ ಗೆದ್ದಿದೆ. ಕಸುಬಿನ ಹೊಣೆಯ ಲೆಕ್ಕ ಎಲ್ಲಿ ಬರೆದಿಟ್ಟಿದೆ?

ವಕೀಲರ ಮೇಲೆ ಕೈ ಮಾಡುವವರನ್ನು ಶಿಕ್ಷಿಸಲು 2023ರಲ್ಲಿ ನಮ್ಮ ವಿಧಾನಮಂಡಲ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಆರು ತಿಂಗಳಿಂದ ಮೂರು ವರ್ಷ. ಚಿಕ್ಕಮಗಳೂರಿನಲ್ಲಿ ಯುವ ವಕೀಲರೊಬ್ಬರಿಗೆ ಠಾಣೆಯಲ್ಲಿ ಹೊಡೆದ ಪ್ರಕರಣದ ಬೆನ್ನಿಗೇ ಬಂದ ಆ ಕಾಯ್ದೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು, ಕಕ್ಷಿದಾರನ ಪರ ಅಂಥದ್ದೊಂದು ಸಾಲು ಬರೆಯಲು ಯಾವ ಸದನಕ್ಕೂ ಪುರಸೊತ್ತಾಗಲಿಲ್ಲ ಎಂಬುದಕ್ಕೆ. ಟೀಕೆ ಸಹಿಸದ ವಕೀಲರ ಗುಂಪು ಹೇಗಿರುತ್ತದೆ ಎಂಬುದನ್ನು 2012ರ ಮಾರ್ಚ್ 2ರಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆವರಣದಲ್ಲಿ ವರದಿಗಾರರೂ ಪೊಲೀಸರೂ ಕಲ್ಲೇಟಿನ ನಡುವೆ ನೋಡಿದ್ದಾರೆ.

ನಮ್ಮ ಪಿಸುಮಾತಿಗೂ ಒಂದು ಬೆಲೆಯಿದೆ. ಅದನ್ನು ತೆರುವವರು ಪ್ರಾಮಾಣಿಕ ವಕೀಲರು. ತಪ್ಪು ಮಾಡಿದವರ ಹೆಸರು ಹೇಳಲಾರದೆ 'ಎಲ್ಲ ವಕೀಲರೂ ಅಷ್ಟೇ' ಎನ್ನುತ್ತೇವೆ. ಕಾನೂನಿನ ದೃಷ್ಟಿಯಲ್ಲಿ ಅದು ಹೆಚ್ಚು ಸುರಕ್ಷಿತ ಎಂಬುದೇ ವಿಚಿತ್ರ. ಆಶಾ ಪಾರೇಖ್ ನಟಿಸಿದ 'ನಾದಾನ್' ಸಿನಿಮಾದಲ್ಲಿ ವಕೀಲ ಸಮುದಾಯಕ್ಕೆ ಅವಮಾನವಾಗಿದೆ ಎಂದು ಹಾಕಿದ್ದ ಕೇಸನ್ನು ಪಟ್ನಾ ಹೈಕೋರ್ಟು ರದ್ದು ಮಾಡಿತು. ದೇಶದ ವಕೀಲರೆಲ್ಲ ಗುರುತಿಸಬಹುದಾದ ಒಂದು ಗುಂಪಲ್ಲ ಎಂದು. ಯಲ್ಲಾಪುರದ ವಕೀಲರೆಲ್ಲ ಎಂದರೆ ಆ ರಕ್ಷಣೆ ಸಿಗಲಾರದು, ಅದು ಎಣಿಸಬಹುದಾದ ಗುಂಪು. ಹೀಗೆ ಒಬ್ಬರ ಹೆಸರು ನುಂಗಿ ನೂರು ಮಂದಿಗೆ ಮಸಿ ಬಳಿಯುವುದಕ್ಕೆ ಕಾಯ್ದೆಯೇ ದಾರಿ ಮಾಡಿಕೊಟ್ಟಿದೆ. ಮೊದಲ ತಲೆಮಾರಿನ ಒಬ್ಬ ಹುಡುಗಿ ಕಷ್ಟಪಟ್ಟು ಓದಿ, ಕರಿಕೋಟು ಹಾಕಿ, ರಶೀದಿ ಕೊಟ್ಟು ಕೆಲಸ ಮಾಡಿದರೆ ಅವಳಿಗೂ ಸಿಗುವುದು ಅದೇ ಪಿಸುಮಾತು.

ಸಿಟ್ಟಿನ ನಡುವೆ ತಲೆ ಉಳಿಸಿಕೊಳ್ಳುವ ನಾಲ್ಕು ಮಾತನ್ನೂ ಹೇಳಿಬಿಡುತ್ತೇನೆ, ಬಂಡಾಯ ಅಂದರೆ ಹೋಗಿ ಬಲೆಗೆ ಬೀಳುವುದಲ್ಲವಲ್ಲ. ಎಂಟನೆಯ ವಿನಾಯಿತಿ ನಮ್ಮ ಪಾಲಿಗೆ ಇರುವ ಗಟ್ಟಿ ನೆಲ: ಕ್ರಮ ಕೈಗೊಳ್ಳುವ ಅಧಿಕಾರ ಇರುವವರಿಗೆ ಸದ್ಭಾವದಿಂದ ಕೊಟ್ಟ ದೂರು ಮಾನನಷ್ಟವಾಗುವುದಿಲ್ಲ. ಆದ್ದರಿಂದ ಮೊದಲ ಏಟು ಪರಿಷತ್ತಿಗೆ ಬರೆದ ದೂರೇ ಆಗಿರಲಿ, ಎಷ್ಟೇ ದೂರವಾದರೂ. ಕಡತ ಬೇಕೆಂದು ಸ್ಪೀಡ್ ಪೋಸ್ಟಿನಲ್ಲಿ ಕೇಳಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಫೀಸನ್ನು ಫೋನಿನಿಂದ ಅಥವಾ ಬ್ಯಾಂಕಿನಿಂದ ಕೊಡಿ, ಅದೇ ರಶೀದಿ. ಕೋರ್ಟಿನ ದಿನಚರಿ ಈಗ ಫೋನಿನಲ್ಲೇ ಸಿಗುತ್ತದೆ. ಯಾವ ತಾರೀಖಿಗೆ ಯಾರು ಗೈರು ಎಂಬುದು ನಿಮ್ಮ ಬಾಯಿಂದ ಬರುವ ಬದಲು ಕೋರ್ಟಿನ ಆದೇಶದಿಂದ ಬರಲಿ. ಹೇಳಲೇಬೇಕಾದಾಗ ನಡೆದದ್ದನ್ನು ಹೇಳಿ: ಇಂಥ ದಿನ ಇಷ್ಟು ಹಣ ಬಂತು, ಇಂಥ ದಿನ ಕೇಳಿದೆ, ಸಿಕ್ಕಿಲ್ಲ. ಕಳ್ಳ, ದಗಾಕೋರ ಎಂಬ ವಿಶೇಷಣಗಳೇ ಸಮನ್ಸು ತರುವುದು. ಕೋರ್ಟಿನಲ್ಲಿ ನಡೆದದ್ದರ ಸರಿಯಾದ ವರದಿಗೆ ನಾಲ್ಕನೆಯ ವಿನಾಯಿತಿಯ ರಕ್ಷಣೆಯಿದೆ, ಪತ್ರಿಕೆಯವರು ನೆನಪಿಟ್ಟುಕೊಳ್ಳಬೇಕು. ಮೇಲೆ ಕೇಸು ಬಿದ್ದರೆ, ಹೆಂಗಸರಿಗೂ ಪರಿಶಿಷ್ಟರಿಗೂ ಬಡವರಿಗೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಸ್ಥಳೀಯ ಕೋರ್ಟಿನಲ್ಲಿ ನ್ಯಾಯ ಸಿಗದೆಂಬ ಭಯಕ್ಕೆ ಕಾರಣವಿದ್ದರೆ ಕಾರವಾರದ ಸೆಷನ್ಸ್ ನ್ಯಾಯಾಧೀಶರಿಗೋ ಧಾರವಾಡದ ಹೈಕೋರ್ಟು ಪೀಠಕ್ಕೋ ವರ್ಗಾವಣೆ ಕೇಳಬಹುದು.

ಇಷ್ಟೆಲ್ಲ ಎಚ್ಚರ ಏಟು ತಿಂದವನೇ ವಹಿಸಬೇಕಾದ ವ್ಯವಸ್ಥೆಗೆ ನನ್ನ ಧಿಕ್ಕಾರವಿದೆ. 356ರ ಜೈಲಿನ ಸಾಲು ಹೋಗಬೇಕು. ಮಾನದ ನಷ್ಟವನ್ನು ಸಿವಿಲ್ ಕೋರ್ಟಿನಲ್ಲಿ ಹಣದಲ್ಲಿ ಅಳೆಯಲಿ. ಶಿಸ್ತು ಸಮಿತಿಯಲ್ಲಿ ವಕೀಲರಲ್ಲದವರೊಬ್ಬರು ಕೂರಬೇಕು. ರಾಜ್ಯ ಪರಿಷತ್ತು ತನ್ನ ಶಿಸ್ತು ಆದೇಶಗಳನ್ನು ಕನ್ನಡದಲ್ಲಿ ಪ್ರತಿ ತಾಲೂಕು ಕೋರ್ಟಿನ ಗೋಡೆಗೆ ಹಚ್ಚಬೇಕು. ಇವಕ್ಕೆಲ್ಲ ಪಾರ್ಲಿಮೆಂಟು, ಬೆಂಗಳೂರು, ದಿಲ್ಲಿ ಬೇಕು, ವರ್ಷಗಳು ಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ವಕೀಲರ ಸಂಘಗಳಿಂದ ಆಗಬೇಕಾದ್ದಕ್ಕೆ ಅಷ್ಟೂ ಬೇಡ. 'ಸಂಘದ ಸದಸ್ಯರ ವಿರುದ್ಧದ ದೂರಿನಲ್ಲೂ, ಸದಸ್ಯರು ಹಾಕಿದ ಮಾನನಷ್ಟ ಕೇಸಿನ ಆರೋಪಿಯ ಪರವಾಗಿಯೂ ನಮ್ಮಲ್ಲಿ ಒಬ್ಬರು ವಕಾಲತ್ತು ಹಾಕುತ್ತಾರೆ. ಫೀಸಿಗೆ ಎಲ್ಲರೂ ರಶೀದಿ ಕೊಡುತ್ತೇವೆ.' ಮುಂದಿನ ಸಭೆಯ ಠರಾವಿನಲ್ಲಿ ಈ ಎರಡು ಸಾಲು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಯಾವ ಊರಿನ ಸಂಘ ಮೊದಲು ಹಚ್ಚುತ್ತದೋ ನೋಡೋಣ. ಹಚ್ಚದ ಊರಿನಲ್ಲಿ, ಯಾಕೆ ಹಚ್ಚಲಿಲ್ಲ ಎಂದು ದನಿ ತಗ್ಗಿಸದೆ ಕೇಳೋಣ. ಅಷ್ಟು ಕೇಳುವುದಕ್ಕೆ ಇನ್ನೂ ಯಾವ ಕಲಮೂ ಇಲ್ಲ.